ವರ್ಷ ಹಳೆಯ ಗೊಬ್ಬರ ಅಂತ ಕೊಟ್ಟರು, ಹೊಸ ಮಡಿಗೆ ಹಾಕಿದ ಮೇಲೆ ಸಸಿಗಳೆಲ್ಲ ಸುಟ್ಟು ಹೋದವು

ಹಿತ್ತಲಮನೆ ಬರೆದಿದ್ದು:

ಎಲ್ಲರಿಗೂ ನಮಸ್ಕಾರ. ಮೈಸೂರಿನ ಹೊರಗೆ ಹೊಸ ಮನೆ ಕಟ್ಟಿಕೊಂಡು ಬಂದು ಎಂಟು ತಿಂಗಳಾಯಿತು. ಹಿಂದುಗಡೆ 20 ಅಡಿಗೆ 15 ಅಡಿ ಜಾಗ ತರಕಾರಿಗೆ ಅಂತಲೇ ಬಿಟ್ಟಿದ್ದೇವೆ. ಮನೆ ಕಟ್ಟುವಾಗ ಜಲ್ಲಿ, ಸಿಮೆಂಟ್ ಚೂರು, ಇಟ್ಟಿಗೆ ಪುಡಿ ಎಲ್ಲ ಅಲ್ಲೇ ಸುರಿದಿದ್ದರು. ಇಬ್ಬರು ಆಳು ಹಿಡಿದು ಎರಡು ದಿನ ಆರಿಸಿ ತೆಗೆಸಿ, ನಾಲ್ಕು ಮಡಿ ಮಾಡಿಸಿದೆ. ಒಂದೊಂದು 10 ಅಡಿ ಉದ್ದ, 4 ಅಡಿ ಅಗಲ.

ಮಣ್ಣಿನಲ್ಲಿ ಏನೂ ಸತ್ವ ಇಲ್ಲ, ಗೊಬ್ಬರ ಹಾಕಿ ಅಂತ ಎಲ್ಲರೂ ಹೇಳಿದರು. ಹತ್ತಿರದ ಹಳ್ಳಿಯ ಒಬ್ಬರಿಂದ ಅರ್ಧ ಟ್ರ್ಯಾಕ್ಟರ್ ಕೊಟ್ಟಿಗೆ ಗೊಬ್ಬರ ತರಿಸಿದೆ. "ವರ್ಷದ ಮೇಲಾಗಿದೆ ಕಣಮ್ಮಾ, ಕಣ್ಣು ಮುಚ್ಚಿಕೊಂಡು ಹಾಕಿ" ಅಂದರು. ನೋಡಿದರೆ ನಿಜ ಅನ್ನಿಸಿತು. ಒಣಗಿ ಹಗುರವಾಗಿತ್ತು, ವಾಸನೆ ಕೂಡ ಇರಲಿಲ್ಲ. ಮೂರು ಮಡಿಗೆ ನಾಲ್ಕು ಇಂಚು ದಪ್ಪ ಹರಡಿ, ಗುದ್ದಲಿಯಲ್ಲಿ ಅಗೆದು ಬೆರೆಸಿ, ನೀರು ಕೊಟ್ಟು, ಮಾರನೇ ದಿನವೇ ಒಂದರಲ್ಲಿ ಟೊಮೆಟೊ, ಇನ್ನೊಂದರಲ್ಲಿ ಬದನೆ ಮತ್ತು ಮೆಣಸಿನ ಸಸಿ ನೆಟ್ಟೆ. ಮೂರನೆಯದಕ್ಕೆ ಮೆಂತ್ಯ ಚೆಲ್ಲಿದೆ.

ಐದನೇ ದಿನಕ್ಕೆ ಟೊಮೆಟೊ ಎಲೆಯ ಅಂಚು ಕಂದು ಬಣ್ಣಕ್ಕೆ ತಿರುಗಿತು. ಏಳನೇ ದಿನ ಜೋತು ಬಿದ್ದವು. ನೀರು ಕಮ್ಮಿ ಆಯಿತೇನೋ ಅಂತ ಇನ್ನಷ್ಟು ನೀರು ಹಾಕಿದೆ. ಒಂದು ಸಸಿ ಕಿತ್ತು ನೋಡಿದೆ, ಬೇರಿನ ತುದಿಗಳು ಚಹಾದಲ್ಲಿ ಅದ್ದಿದ ಹಾಗೆ ಕಂದಾಗಿದ್ದವು. ಮಣ್ಣಿನೊಳಗೆ ಬೆರಳಿಟ್ಟರೆ ಬೆಚ್ಚಗಿದೆ! ದನದ ಗಂಜಲದ ಹಾಗೆ ಮೂಗಿಗೆ ಹೊಡೆಯುತ್ತಿದೆ. ಮೆಂತ್ಯ ಅಲ್ಲೊಂದು ಇಲ್ಲೊಂದು ಹುಟ್ಟಿದೆ ಅಷ್ಟೆ. ಜೊತೆಗೆ ಹೆಬ್ಬೆರಳು ಗಾತ್ರದ ಬಿಳಿ ಹುಳುಗಳು ಬೇರೆ.

ನನ್ನ ಪ್ರಶ್ನೆ ಇಷ್ಟು. ಇದು ಕಳಿತ ಗೊಬ್ಬರ ಅಲ್ವಾ? ಮಡಿಯನ್ನು ಉಳಿಸಿಕೊಳ್ಳಬಹುದಾ, ಇಲ್ಲ ಮಣ್ಣೆಲ್ಲ ತೆಗೆಸಬೇಕಾ? ಪಕ್ಕದ ಮನೆಯವರು ಸುಣ್ಣ ಉದುರಿಸಿ, ತಣ್ಣಗಾಗುತ್ತದೆ ಅಂತಿದ್ದಾರೆ. ಹಾಕಲಾ? ಇನ್ನೂ ಆರು ಚೀಲ ಗೊಬ್ಬರ ಮೂಲೆಯಲ್ಲಿದೆ, ನೋಡಿದರೆ ಭಯವಾಗುತ್ತದೆ.


ತಿಪ್ಪೆಗುಂಡಿ ಬರೆದಿದ್ದು:

ಮೇಡಂ, ಆತ ಸುಳ್ಳು ಹೇಳಿರಲಿಕ್ಕಿಲ್ಲ. ವರ್ಷ ಆಗಿರಬಹುದು. ಆದರೆ ವರ್ಷ ಆಗುವುದು ಬೇರೆ, ಕಳಿಯುವುದು ಬೇರೆ. ನಿಮಗೆ ಬಂದಿರುವುದು ಒಣಗಿದ ಗೊಬ್ಬರ, ಕಳಿತದ್ದಲ್ಲ.

ನಮ್ಮದು ಮದ್ದೂರು ಕಡೆ. ಮೊದಲೆಲ್ಲ ಪ್ರತಿ ಮನೆಗೂ ಒಂದು ತಿಪ್ಪೆಗುಂಡಿ ಇರುತ್ತಿತ್ತು. ಈಗ ಜಾಗ ಇಲ್ಲ, ದಿನಾ ಕೊಟ್ಟಿಗೆ ಬಾಚಿದ್ದನ್ನು ರಸ್ತೆ ಪಕ್ಕ ಬಿಸಿಲಿನಲ್ಲಿ ಗುಡ್ಡೆ ಹಾಕುತ್ತಾರೆ. ಬೇಸಿಗೆಯಲ್ಲಿ ಅದು ಬೆರಣಿಯ ಹಾಗೆ ಒಣಗಿಬಿಡುತ್ತದೆ. ಗೊಬ್ಬರ ಕಳಿಯುತ್ತದೆ ಅಂದರೆ ಅದರಲ್ಲಿರುವ ಸೂಕ್ಷ್ಮಜೀವಿಗಳು ಸಗಣಿ, ಹುಲ್ಲು ಎಲ್ಲ ತಿಂದು ಮುಗಿಸುತ್ತವೆ ಅಂತ. ಅವಕ್ಕೆ ನೀರು ಬೇಕು. ತೇವ ಆರಿತೋ, ಕೆಲಸ ಅರ್ಧಕ್ಕೇ ನಿಂತಿತು. ಆಮೇಲೆ ಒಂದು ವರ್ಷ ಬಿದ್ದಿರಲಿ, ಮೂರು ವರ್ಷ ಬಿದ್ದಿರಲಿ, ಅದು ಅಲ್ಲೇ ಇರುತ್ತದೆ. ವಾಸನೆ ಇಲ್ಲ, ಬಿಸಿ ಇಲ್ಲ, ನೋಡಲು ಹಳೆಯದು. ನೀವು ಮಡಿಗೆ ಹಾಕಿ ನೀರು ಕೊಟ್ಟಿರಲ್ಲ, ಆವತ್ತು ಮತ್ತೆ ಒಲೆ ಹತ್ತಿತು. ಅದೂ ಸಸಿಯ ಬೇರಿನ ಬುಡದಲ್ಲೇ. ನೀವು ನೀರು ಜಾಸ್ತಿ ಹಾಕಿದಷ್ಟೂ ಅದಕ್ಕೆ ಇನ್ನೂ ಅನುಕೂಲವಾಯಿತು.

ಆ ಗಂಜಲದ ವಾಸನೆ ಅಮೋನಿಯಾದ್ದು. ಎಳೆ ಬೇರಿಗೆ ಅದೇ ವಿಷ. ಮೆಂತ್ಯ ಹುಟ್ಟದೇ ಇದ್ದದ್ದಕ್ಕೂ ಅದೇ ಕಾರಣ.

ಇನ್ನೊಂದು ವಿಷಯ, ಬೇಜಾರು ಮಾಡಿಕೊಳ್ಳಬೇಡಿ, ನೀವು ಹಾಕಿದ್ದು ವಿಪರೀತ. ತರಕಾರಿಗೆ ಹೆಕ್ಟೇರಿಗೆ 25 ಟನ್ ಕೊಟ್ಟಿಗೆ ಗೊಬ್ಬರ ಅಂತ ಶಿಫಾರಸು ಇರುತ್ತದೆ, ಅಂದರೆ ಎಕರೆಗೆ 10 ಟನ್. ಅದನ್ನು ನಿಮ್ಮ 10 ಅಡಿ 4 ಅಡಿ ಮಡಿಗೆ ಲೆಕ್ಕ ಹಾಕಿ ನೋಡಿ, ಬರುವುದು ಬರೀ 9 ಕೆ.ಜಿ. ಒಂದು ಬಾಂಡ್ಲಿ! ನಿಮ್ಮದು ಹೊಸ ಮಣ್ಣು, ಸಿಮೆಂಟ್ ಬಿದ್ದ ಮಣ್ಣು, ಮೊದಲ ಸಲ ಅಂತ ಎರಡರಷ್ಟು ಕೊಡಿ, ಬೇಕಾದರೆ ಮೂರು ಬಾಂಡ್ಲಿ ಕೊಡಿ. ನಾಲ್ಕು ಇಂಚು ದಪ್ಪ ಅಂದರೆ ಎಷ್ಟೇ ಹಗುರದ ಗೊಬ್ಬರವಾದರೂ ಮಡಿಗೆ ನೂರು ಕೆ.ಜಿ. ದಾಟಿರುತ್ತದೆ.

ಸುಣ್ಣ ಮಾತ್ರ ಮುಟ್ಟಬೇಡಿ. ಮಿಕ್ಕಿದ್ದು ಸಂಜೆ ಬರೆಯುತ್ತೇನೆ, ಹಾಲು ಹಾಕುವ ಹೊತ್ತಾಯಿತು.


ಮೊಂಡ ಗುದ್ದಲಿ ಬರೆದಿದ್ದು:

ಇದೆಲ್ಲ ಸುಮ್ನೆ ಹೆದರಿಸುವ ಮಾತು. ನಮ್ಮಜ್ಜಿ ಜೀವಮಾನವಿಡೀ ಹಸಿ ಸಗಣಿಯನ್ನೇ ನೀರಲ್ಲಿ ಕಲಸಿ ಗಿಡಕ್ಕೆ ಹಾಕುತ್ತಿದ್ದರು. ಮಲ್ಲಿಗೆ, ದಾಸವಾಳ, ಕರಿಬೇವು ಯಾವುದೂ ಸಾಯಲಿಲ್ಲ. ಜೀವಾಮೃತ ಅಂತ ಗಿಡಕ್ಕೆ ಹಾಕುವ ದ್ರವ ಗೊಬ್ಬರಕ್ಕೂ ಹಸಿ ಸಗಣಿಯೇ ತಾನೆ? 200 ಲೀಟರ್ ನೀರಿಗೆ 10 ಕೆ.ಜಿ. ಸಗಣಿ ಹಾಕುವಾಗ ಯಾರೂ ಕಳಿತಿದೆಯಾ ಅಂತ ಕೇಳುವುದಿಲ್ಲ. ನಿಮ್ಮ ಸಸಿ ಸತ್ತದ್ದು ನರ್ಸರಿಯವರು ಕೊಟ್ಟ ಸಸಿಯೇ ಸರಿ ಇಲ್ಲದ್ದಕ್ಕೆ ಅಂತ ನನ್ನ ಅನಿಸಿಕೆ.


ಸೊಪ್ಪಿನಬೆಟ್ಟ ಬರೆದಿದ್ದು:

ಗುದ್ದಲಿ ಅಣ್ಣ, ನೀವೇ ಲೆಕ್ಕ ಕೊಟ್ಟಿದ್ದೀರಿ. 200 ಲೀಟರಿಗೆ 10 ಕೆ.ಜಿ. ಅಷ್ಟು ತೆಳುವಾದದ್ದನ್ನು ಬೆಳೆದು ನಿಂತ ಮಲ್ಲಿಗೆ ಬುಡಕ್ಕೆ ಒಂದು ಚೊಂಬು ಹಾಕುವುದಕ್ಕೂ, ನಾಲ್ಕು ಎಲೆಯ ಟೊಮೆಟೊ ಸಸಿಯನ್ನು ಅರೆಬೆಂದ ಗೊಬ್ಬರದೊಳಗೆ ಹೂಳುವುದಕ್ಕೂ ವ್ಯತ್ಯಾಸ ಇಲ್ಲವೇ? ನಿಮ್ಮಜ್ಜಿಗೆ ಅದು ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಕಲಸಿ ಹಾಕುತ್ತಿದ್ದರು.

ನಮ್ಮ ಶಿರಸಿ ಕಡೆ ಬೆಟ್ಟದಿಂದ ಸೊಪ್ಪು ತಂದು ಕೊಟ್ಟಿಗೆಗೆ ಹಾಸುತ್ತೇವೆ. ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಿಗೆಯಲ್ಲಿ ದರಕು, ಅಂದರೆ ಉದುರಿದ ಒಣ ಎಲೆ. ದನ ತುಳಿದು, ಸಗಣಿ ಗಂಜಲ ಎಲ್ಲ ಅದರಲ್ಲಿ ಇಳಿದ ಮೇಲೆ ಬಾಚಿ ಗೊಬ್ಬರಗುಂಡಿಗೆ ಹಾಕುತ್ತೇವೆ. ಅಡಿಕೆ ಮರದ ಬುಡಕ್ಕೆ ಹಾಕುವಾಗ ಅಷ್ಟೊಂದು ಕಳಿತಿರದಿದ್ದರೂ ನಡೆಯುತ್ತದೆ, ದೊಡ್ಡ ಮರ, ತಡೆದುಕೊಳ್ಳುತ್ತದೆ. ಆದರೆ ಅದೇ ಗುಂಡಿಯಿಂದ ಹಿತ್ತಲಿನ ಹರಿವೆ ಮಡಿಗೆ ಹಾಕಬೇಕಾದರೆ ನಮ್ಮ ಅತ್ತೆ ಗುಂಡಿಯ ತಳದಿಂದ, ಕಪ್ಪಗಾಗಿ ಪುಡಿಪುಡಿಯಾದದ್ದನ್ನೇ ತೆಗೆಸಿ, ಜರಡಿಗೂ ಹಾಕಿಸುತ್ತಾರೆ. ಜರಡಿಯಲ್ಲಿ ಉಳಿದ ಕಡ್ಡಿ ವಾಪಸ್ ಗುಂಡಿಗೆ. ಒಂದೇ ಗುಂಡಿ, ಎರಡು ಬೆಳೆಗೆ ಎರಡು ಬೇರೆ ಗೊಬ್ಬರ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಮೇಲಿನದನ್ನು ತಂದು ಹಾಕಿ ಬೈಸಿಕೊಂಡಿದ್ದೇನೆ!

ಅರ್ಧಂಬರ್ಧ ಕಳಿತದ್ದು ಹಾಕಿದರೆ ಇನ್ನೊಂದು ತೊಂದರೆ. ಸುಡದೇ ಇದ್ದರೂ ಗಿಡ ಹಳದಿಯಾಗಿ ನಿಂತುಬಿಡುತ್ತದೆ. ಹುಲ್ಲು, ಸೊಪ್ಪಿನ ನಾರು ಜಾಸ್ತಿ ಇದ್ದರೆ ಅದನ್ನು ಕರಗಿಸಲು ಸೂಕ್ಷ್ಮಜೀವಿಗಳು ಮಣ್ಣಿನಲ್ಲಿರುವ ಸಾರಜನಕವನ್ನೇ ಎಳೆದುಕೊಳ್ಳುತ್ತವೆ. ಗಿಡಕ್ಕೆ ಸಿಗುವುದಿಲ್ಲ. ಎದುರಿಗೇ ಊಟ ಇದ್ದರೂ ಎಲೆ ಮುಂದೆ ಕಾಯುತ್ತಾ ಕೂತ ಹಾಗೆ. ಇನ್ನು ಕ್ಯಾರೆಟ್, ಮೂಲಂಗಿ ಹಾಕುವ ಯೋಚನೆ ಇದ್ದರೆ ಈ ವರ್ಷ ಆ ಮೂರು ಮಡಿಗೆ ಬೇಡ. ಗಡ್ಡೆ ಕವಲೊಡೆಯುತ್ತದೆ, ಎಲೆ ಮಾತ್ರ ದಟ್ಟವಾಗಿ ಬರುತ್ತದೆ.


ಮಡಲು ಬರೆದಿದ್ದು:

ಸುಣ್ಣದ ವಿಷಯ ಯಾರೂ ಬಿಡಿಸಿ ಹೇಳಲಿಲ್ಲ ಅಂತ ಬರೆಯುತ್ತಿದ್ದೇನೆ. ಸುಣ್ಣ ಆಗಲಿ, ಒಲೆ ಬೂದಿ ಆಗಲಿ, ಗೊಬ್ಬರದ ಜೊತೆ ಒಟ್ಟಿಗೆ ಸೇರಿಸಬಾರದು. ಕ್ಷಾರ ಜಾಸ್ತಿಯಾದರೆ ಅಮೋನಿಯಾ ಇನ್ನೂ ಜೋರಾಗಿ ಹೊರಗೆ ಬರುತ್ತದೆ. ಸಸಿಗೂ ಕೆಟ್ಟದ್ದು, ದುಡ್ಡು ಕೊಟ್ಟು ತಂದ ಗೊಬ್ಬರದ ಸಾರವೂ ಗಾಳಿಗೆ ಹೋಯಿತು. ನಿಮ್ಮ ಮಣ್ಣಿನಲ್ಲಿ ಮೊದಲೇ ಸಿಮೆಂಟ್ ಇದೆ, ಅದೂ ಕ್ಷಾರವೇ. ನಮ್ಮ ಕರಾವಳಿಯ ಮಣ್ಣು ಮಳೆಗೆ ತೊಳೆದು ತೊಳೆದು ಹುಳಿಯಾಗಿರುತ್ತದೆ, ಹಾಗಾಗಿ ನಾವು ಸುಣ್ಣ ಹಾಕುತ್ತೇವೆ, ಸುಡುಮಣ್ಣು ಹಾಕುತ್ತೇವೆ. ಅದನ್ನೂ ಹಟ್ಟಿಗೊಬ್ಬರ ಹಾಕುವುದಕ್ಕೆ ಎರಡು ಮೂರು ವಾರ ಮೊದಲೇ ಹಾಕಿ ಮುಗಿಸುತ್ತೇವೆ. ಮೈಸೂರಿನ ಸಿಮೆಂಟ್ ಮಣ್ಣಿಗೆ ಅದರ ಅಗತ್ಯ ಏನಿದೆ?

ಇನ್ನೊಂದು, ನಿಮ್ಮ ಆರು ಚೀಲವನ್ನು ಬಿಸಿಲಿಗೂ ಮಳೆಗೂ ಬಿಡಬೇಡಿ. ಬಿಸಿಲಿಗೆ ಒಣಗುತ್ತದೆ, ಜೋರು ಮಳೆಗೆ ಸಾರವೆಲ್ಲ ಇಳಿದು ಚರಂಡಿಗೆ ಹೋಗುತ್ತದೆ. ನಮ್ಮಲ್ಲಿ ಹಟ್ಟಿಯ ಪಕ್ಕದ ಗೊಬ್ಬರದ ರಾಶಿಗೆ ಮಡಲು ಮುಚ್ಚುತ್ತೇವೆ. ತೆಂಗಿನ ಮಡಲು ಸಿಗದಿದ್ದರೆ ಗೋಣಿಚೀಲ ಸಾಕು.


ಕಲ್ಪವೃಕ್ಷ ಬರೆದಿದ್ದು:

ಹುಳುವಿನ ಬಗ್ಗೆ ನಾನು ಹೇಳುತ್ತೇನೆ. ತಿಪಟೂರಿನವನು, ಈ ಹುಳುವಿನಿಂದ ಎರಡು ತೆಂಗಿನ ಸಸಿ ಕಳೆದುಕೊಂಡಿದ್ದೇನೆ.

ಗೊಬ್ಬರದಲ್ಲಿ ಕಾಣುವ ಬಿಳಿ ಹುಳುಗಳೆಲ್ಲ ಒಂದೇ ಅಲ್ಲ. ಒಂದನ್ನು ತೆಗೆದು ಸಿಮೆಂಟ್ ನೆಲದ ಮೇಲೆ ಬಿಡಿ. ಸ್ವಲ್ಪ ಹೊತ್ತಿಗೆ ಅಂಗಾತ ಮಲಗಿ, ಕಾಲು ಮೇಲೆ ಮಾಡಿಕೊಂಡು, ಬೆನ್ನ ಮೇಲೇ ಸರಸರ ತೆವಳಿತು ಅನ್ನಿ, ಅದು ಹೂವಿನ ದುಂಬಿಯ ಮರಿ. ಗೊಬ್ಬರ ತಿಂದು ಬದುಕುತ್ತದೆ, ಗಿಡದ ಬೇರಿನ ತಂಟೆಗೆ ಬರುವುದಿಲ್ಲ. ವಾಪಸ್ ಗೊಬ್ಬರಕ್ಕೇ ಹಾಕಿ, ಕೆಲಸ ಮಾಡಿಕೊಂಡಿರಲಿ. ಮೊದಲ ಸಲ ನೋಡಿದಾಗ ಹುಳುವಿಗೆ ಏನೋ ಆಗಿದೆ ಅಂದುಕೊಂಡಿದ್ದೆ, ಅದು ನಡೆಯುವುದೇ ಹಾಗೆ.

ಕಾಲಿನ ಮೇಲೆ ತೆವಳಿದರೆ, ಇಲ್ಲವೇ ಇಂಗ್ಲಿಷಿನ 'ಸಿ' ಅಕ್ಷರದ ಹಾಗೆ ಬಾಗಿ ಪಕ್ಕಕ್ಕೆ ಬಿದ್ದುಕೊಂಡರೆ ಅನುಮಾನ ಪಡಿ. ಅದು ಬೇರು ತಿನ್ನುವ ಗೊಣ್ಣೆಹುಳು ಇರಬಹುದು. ತುಂಬಾ ದಪ್ಪ, ಹೆಬ್ಬೆರಳು ಗಾತ್ರ ಅಂದಿರಲ್ಲ, ಅದು ತೆಂಗಿನ ಸುಳಿ ಕೊರೆಯುವ ದುಂಬಿಯ ಮರಿಯೂ ಇರಬಹುದು. ಆ ಮರಿ ನಿಮ್ಮ ಟೊಮೆಟೊಗೆ ಏನೂ ಮಾಡುವುದಿಲ್ಲ. ಆದರೆ ದೊಡ್ಡದಾಗಿ, ಕೊಂಬು ಬಂದು, ಹಾರಿಹೋಗಿ ಅಕ್ಕಪಕ್ಕದ ತೆಂಗಿನ ಸುಳಿಗೆ ಕೂರುತ್ತದೆ. ಅದರ ತವರುಮನೆಯೇ ತಿಪ್ಪೆ. ಗೊಬ್ಬರ ಕೆದಕುವಾಗ ಕೈಯಲ್ಲಿ ಆರಿಸಿ ಕೋಳಿಗೆ ಹಾಕಿ, ಕೋಳಿ ಇಲ್ಲದಿದ್ದರೆ ಮನೆ ಮುಂದೆ ಚೆಲ್ಲಿ, ಕಾಗೆ ಮೈನಾ ಬಂದು ಮುಗಿಸುತ್ತವೆ. ರಾಶಿ ದೊಡ್ಡದಿದ್ದರೆ ಮೆಟಾರೈಜಿಯಂ ಅಂತ ಒಂದು ಶಿಲೀಂಧ್ರದ ಪುಡಿ ಸಿಗುತ್ತದೆ, ಗೊಬ್ಬರಕ್ಕೆ ಬೆರೆಸಿದರೆ ಹುಳುವಿಗೆ ರೋಗ ಬಂದು ಸಾಯುತ್ತದೆ. ಆರು ಚೀಲಕ್ಕೆ ಅದೆಲ್ಲ ಬೇಡ, ಕೈಯೇ ಸಾಕು.


ಹಿತ್ತಲಮನೆ ಬರೆದಿದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸುಣ್ಣ ಹಾಕಲಿಲ್ಲ. ಕಲ್ಪವೃಕ್ಷ ಸರ್, ಎಂಟು ಹುಳು ತೆಗೆದು ಬಚ್ಚಲ ಹತ್ತಿರದ ಕಲ್ಲಿನ ಮೇಲೆ ಬಿಟ್ಟೆ. ಐದು ಬೆನ್ನ ಮೇಲೆ ಹೊರಟವು! ಮಗ ಅದರ ವಿಡಿಯೋ ಮಾಡಿ ಸ್ಕೂಲಿನವರಿಗೆಲ್ಲ ಕಳಿಸಿದ್ದಾನೆ. ಉಳಿದ ಮೂರು ಕಾಗೆಗೆ ಹೋದವು.

ತಿಪ್ಪೆಗುಂಡಿ ಸರ್, ಒಂದು ಬಾಂಡ್ಲಿ ಅಂದದ್ದು ಓದಿ ನಗುವುದೋ ಅಳುವುದೋ ಗೊತ್ತಾಗಲಿಲ್ಲ. ಈಗ ಮಡಿಗಳನ್ನು ಏನು ಮಾಡಲಿ? ಆ ಆರು ಚೀಲವನ್ನು ಕಳಿಸುವುದು ಹೇಗೆ? ಕಳಿತಿದೆ ಅಂತ ನನಗೆ ಗೊತ್ತಾಗುವುದು ಹೇಗೆ? ಈ ಸಲವೂ ಕಣ್ಣಲ್ಲಿ ನೋಡಿ ಮೋಸ ಹೋಗುವುದು ಬೇಡ.


ತಿಪ್ಪೆಗುಂಡಿ ಬರೆದಿದ್ದು:

ಸಂಜೆ ಬರೆಯುತ್ತೇನೆ ಅಂದವನು ಮೂರು ದಿನ ಮಾಡಿದೆ, ಕ್ಷಮಿಸಿ. ಹಸು ಕರು ಹಾಕಿತು.

ಮೊದಲು ಮಡಿ. ಮಣ್ಣು ತೆಗೆಸಬೇಡಿ, ದುಡ್ಡು ದಂಡ. ಸತ್ತ ಸಸಿ ಕಿತ್ತುಹಾಕಿ. ನಾಲ್ಕನೇ ಮಡಿ ಖಾಲಿ ಇದೆಯಲ್ಲ, ಈ ಮೂರರಿಂದ ಮೇಲಿನ ಅರ್ಧದಷ್ಟು ಮಣ್ಣು ತೆಗೆದು ಅದಕ್ಕೆ ಸೇರಿಸಿ, ಅದರ ಮಣ್ಣು ಇವಕ್ಕೆ ಹಾಕಿ. ಹೀಗೆ ನಾಲ್ಕಕ್ಕೂ ಹಂಚಿಬಿಡಿ. ಆಮೇಲೆ ಏನೂ ನೆಡದೆ ಆರರಿಂದ ಎಂಟು ವಾರ ಬಿಡಿ. ಖಾಲಿ ಬಿಡುವುದು ಅಂದರೆ ಮರೆತುಬಿಡುವುದಲ್ಲ. ಮುಟ್ಟಿದರೆ ಹಿಂಡಿದ ಬಟ್ಟೆಯ ಹಾಗೆ ತೇವ ಇರಬೇಕು, ಮೇಲೆ ಒಣ ಎಲೆ ಮುಚ್ಚಿರಬೇಕು, ಎರಡು ವಾರಕ್ಕೊಮ್ಮೆ ಗುದ್ದಲಿ ಆಡಿಸಬೇಕು. ಅಮೋನಿಯಾ ಹೋಗಿ ಗೊಬ್ಬರ ಮಣ್ಣಿಗೆ ಕೂಡಿಕೊಳ್ಳುತ್ತದೆ. ಈ ಹೊತ್ತಿನಲ್ಲಿ ಕಳೆ ಹುಟ್ಟುತ್ತದೆ, ಬೇಕಾದಷ್ಟು ಹುಟ್ಟುತ್ತದೆ, ಯಾಕೆಂದರೆ ಹಸು ತಿಂದ ಹುಲ್ಲಿನ ಬೀಜ ಎಲ್ಲ ಜೀವಂತ ಬಂದಿರುತ್ತದೆ. ಬಿಸಿಯಾಗಿ ಕಳಿತ ರಾಶಿಯಲ್ಲಿ ಅವು ಬೆಂದು ಸಾಯುತ್ತವೆ, ನಿಮ್ಮದರಲ್ಲಿ ಸತ್ತಿರಲಿಕ್ಕಿಲ್ಲ. ಚಿಕ್ಕದಿರುವಾಗಲೇ ಕೀಳಿ. ಜೇಕು ಕಂಡರೆ ಮಾತ್ರ ಗಡ್ಡೆ ಸಮೇತ ತೆಗೆಯಿರಿ, ಇಲ್ಲದಿದ್ದರೆ ಆ ಮಡಿ ಅದರ ಹೆಸರಿಗೆ ಬರೆದುಕೊಟ್ಟ ಹಾಗೆ.

ಕಾಯುವುದಕ್ಕೆ ಮನಸ್ಸಿಲ್ಲ, ಏನಾದರೂ ಹಸಿರು ಕಾಣಬೇಕು ಅಂದರೆ ಒಂದು ಮೂಲೆಯಲ್ಲಿ ಎರಡು ಕುಂಬಳದ ಬೀಜ ಹಾಕಿ. ಹಳ್ಳಿಯಲ್ಲಿ ಯಾರೂ ಹಾಕದೇ ತಿಪ್ಪೆ ಮೇಲೆ ತಾನಾಗಿ ಹುಟ್ಟಿ ಹಬ್ಬುವುದು ಅದೊಂದೇ. ಅದರ ಹಸಿವು ದೊಡ್ಡದು. ಸೋರೆಯೂ ಆದೀತು. ಬೀಜದ ಸುತ್ತ ಒಂದು ಬೊಗಸೆ ಬರೀ ಮಣ್ಣು ಇರಲಿ, ಬೇರು ಬಲಿತ ಮೇಲೆ ಅದೇ ಗೊಬ್ಬರ ಹುಡುಕಿಕೊಂಡು ಹೋಗುತ್ತದೆ.

ಇನ್ನು ಆರು ಚೀಲ. ನೆರಳಲ್ಲಿ, ಬೇವಿನ ಮರವೋ ಕಾಂಪೌಂಡ್ ಗೋಡೆಯ ಬದಿಯೋ, ಚೀಲ ಬಿಚ್ಚಿ ಒಂದೇ ಕಡೆ ಸುರಿಯಿರಿ. ಹರಡಬೇಡಿ, ಸೊಂಟದ ಎತ್ತರಕ್ಕೆ ಗುಡ್ಡೆ ಮಾಡಿ. ಒಂದು ಪದರ ಗೊಬ್ಬರ, ಮೇಲೆ ಒಂದು ಹಿಡಿ ಒಣ ಎಲೆ, ಮತ್ತೆ ಗೊಬ್ಬರ. ಪ್ರತಿ ಪದರಕ್ಕೂ ನೀರು ಚಿಮುಕಿಸಿ. ಒಣ ಗೊಬ್ಬರ ನೀರು ಕುಡಿಯುವುದಕ್ಕೆ ಸತಾಯಿಸುತ್ತದೆ, ಮೇಲೆ ಸುರಿದರೆ ಪಕ್ಕದಿಂದ ಹರಿದು ಹೋಗುತ್ತದೆ, ಒಳಗೆ ಹಾಗೇ ಒಣಗಿರುತ್ತದೆ. ಅದಕ್ಕೇ ಪದರ ಪದರವಾಗಿ ನೆನೆಸಬೇಕು. ಎರಡು ಬೊಗಸೆ ತಾಜಾ ಸಗಣಿ ಬಕೆಟ್ ನೀರಿಗೆ ಕಲಸಿ ಆ ನೀರನ್ನೇ ಹಾಕಿದರೆ ಇನ್ನೂ ಚೆನ್ನ, ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಒಂದು ಹಿಡಿ ತೆಗೆದು ಹಿಂಡಿ ನೋಡಿ. ಉಂಡೆಯಾಗಬೇಕು, ಬೆರಳ ಸಂದಿಯಲ್ಲಿ ಒಂದೆರಡು ಹನಿ ಬರಬೇಕು, ಧಾರೆ ಬಂದರೆ ನೀರು ಹೆಚ್ಚಾಯಿತು ಅಂತ. ಗೋಣಿಚೀಲ ಮುಚ್ಚಿ.

ಮೂರು ನಾಲ್ಕು ದಿನಕ್ಕೆ ಒಳಗೆ ಬಿಸಿ ಏರುತ್ತದೆ. ಒಂದು ಹಾರೆ ಗುಡ್ಡೆಯ ನಡುವಿಗೆ ಚುಚ್ಚಿ, ಕಾಲು ಗಂಟೆ ಬಿಟ್ಟು ಎಳೆದು ತುದಿ ಹಿಡಿಯಿರಿ. ಹಿಡಿದುಕೊಳ್ಳಲಾಗದಷ್ಟು ಸುಡುತ್ತಿದ್ದರೆ ಕೆಲಸ ನಡೆದಿದೆ. ಒಳ್ಳೇ ರಾಶಿಯ ಒಳಗೆ 55, 60 ಡಿಗ್ರಿ ದಾಟುತ್ತದೆ, ಕಳೆ ಬೀಜ, ರೋಗ ಎಲ್ಲ ಹೋಗುವುದು ಆ ಬಿಸಿಗೇ. ನಿಮ್ಮದು ಚಿಕ್ಕ ಗುಡ್ಡೆ, ಅಷ್ಟು ಏರಲಿಕ್ಕಿಲ್ಲ, ಆದರೂ ಏರುತ್ತದೆ. ಬಿಸಿ ಇಳಿದ ಮೇಲೆ ಮಗುಚಿ, ಹೊರಗಿನದು ಒಳಗೆ, ಒಳಗಿನದು ಹೊರಗೆ. ಮತ್ತೆ ಏರುತ್ತದೆ. ಮಗುಚಿ ನೀರು ಕೊಟ್ಟರೂ ಬಿಸಿ ಏರುವುದಿಲ್ಲ ಅನ್ನುವ ದಿನ ಬರುತ್ತದೆ, ನಿಮಗೆ ಬೇಕಾದ ದಿನ ಅದು. ಹದಿನೈದು ದಿನಕ್ಕೊಮ್ಮೆ ಮಗುಚಿದರೆ ಎರಡು ಮೂರು ತಿಂಗಳು ಹಿಡಿಯಬಹುದು. ಮಗುಚುವ ತಾಪತ್ರಯವೇ ಬೇಡ ಅಂತ ಗುಂಡಿಯಲ್ಲಿ ತುಂಬಿ, ಮೇಲೆ ಮಣ್ಣು ಮೆತ್ತಿ ಮುಚ್ಚಿಬಿಡುವ ಪದ್ಧತಿಯೂ ಇದೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1939ರ ಹೊತ್ತಿಗೆ ರೂಪಿಸಿದ್ದು, ಇವತ್ತಿಗೂ ಬೆಂಗಳೂರು ಪದ್ಧತಿ ಅಂತಲೇ ಹೆಸರು. ಆದರೆ ಅದಕ್ಕೆ ಆರರಿಂದ ಎಂಟು ತಿಂಗಳು ಬೇಕು.

ಕಳಿತಿದೆಯಾ ಅಂತ ನೋಡುವುದು. ಕರಪತ್ರಗಳಲ್ಲಿ "ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ" ಅಂತ ಬರೆದು ಮುಂದೆ ಹೋಗುತ್ತಾರೆ, ಹೇಗೆ ಗೊತ್ತಾಗಬೇಕು ಅಂತ ಒಬ್ಬರೂ ಬರೆಯುವುದಿಲ್ಲ. ನಾನು ಮಾಡುವುದು ಹೇಳುತ್ತೇನೆ. ಒಂದು ಹಿಡಿ ಗೊಬ್ಬರ ನೆನೆಸಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಗಾಳಿ ತೆಗೆದು ಗಂಟು ಕಟ್ಟಿ ಮೂರು ದಿನ ಮನೆಯೊಳಗೆ ಇಡಿ. ಬಿಚ್ಚಿದಾಗ ಗಂಜಲದ ಘಾಟು ಬಂದರೆ, ಹುಳಿ ವಾಸನೆ ಬಂದರೆ, ಆಗಿಲ್ಲ. ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಆಗಿದೆ. ಈ ಒಣ ಗೊಬ್ಬರದ ಮೋಸ ಹಿಡಿಯುವುದಕ್ಕೆ ಇದಕ್ಕಿಂತ ಸುಲಭ ದಾರಿ ಇಲ್ಲ, ನೀರು ಬಿದ್ದ ತಕ್ಷಣ ಅದು ಬಣ್ಣ ಬಯಲು ಮಾಡುತ್ತದೆ.

ಆಮೇಲೆ ಎರಡು ತೆಂಗಿನ ಚಿಪ್ಪು ತೆಗೆದುಕೊಳ್ಳಿ. ಒಂದರಲ್ಲಿ ಬರೀ ಮಣ್ಣು, ಇನ್ನೊಂದರಲ್ಲಿ ಅರ್ಧ ಮಣ್ಣು ಅರ್ಧ ಗೊಬ್ಬರ. ಎರಡಕ್ಕೂ ಎಣಿಸಿ ಇಪ್ಪತ್ತು ಸಾಸಿವೆ ಹಾಕಿ. ನಾಲ್ಕೈದು ದಿನಕ್ಕೆ ಎರಡರಲ್ಲೂ ಸಮ ಸಮ ಹುಟ್ಟಿದರೆ ಸಸಿ ನೆಡಬಹುದು. ಗೊಬ್ಬರದ ಚಿಪ್ಪಿನಲ್ಲಿ ಕಮ್ಮಿ ಹುಟ್ಟಿದರೆ ಇನ್ನೂ ಕಾಯಿರಿ.

ಸಸಿ ನೆಡುವ ಮುಂಚೆ ಟ್ರೈಕೋಡರ್ಮಾ ಅಂತ ಗಿಡಕ್ಕೆ ಒಳ್ಳೆಯದು ಮಾಡುವ ಶಿಲೀಂಧ್ರದ ಪುಡಿ ಸಿಕ್ಕಿದರೆ ಕಳಿತ ಗೊಬ್ಬರಕ್ಕೆ ಬೆರೆಸಿ, ನೂರು ಕೆ.ಜಿ.ಗೆ ಒಂದು ಕೆ.ಜಿ. ಲೆಕ್ಕ, ನೆರಳಲ್ಲಿ ತೇವ ಮಾಡಿ ಹತ್ತು ಹದಿನೈದು ದಿನ ಮುಚ್ಚಿಡಿ. ಟೊಮೆಟೊ, ಮೆಣಸಿಗೆ ಬುಡ ಕೊಳೆಯುವುದು ಕಮ್ಮಿಯಾಗುತ್ತದೆ. ನಿಮಗೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರ ಹತ್ತಿರ, ಅಲ್ಲಿ ಒಂದು ಸಲ ವಿಚಾರಿಸಿ. ಆದರೆ ಬಿಸಿ ಇರುವ ಗೊಬ್ಬರಕ್ಕೆ ಬೆರೆಸಬೇಡಿ, ಅದೂ ಸಾಯುತ್ತದೆ.


ಡಲ್ಲಾಸ್ ಬದನೆ ಬರೆದಿದ್ದು:

ಅಮೆರಿಕದಲ್ಲಿರುವ ನಮ್ಮವರು ಯಾರಾದರೂ ಓದುತ್ತಿದ್ದರೆ ಅಂತ ಒಂದು ಮಾತು. ಇಲ್ಲಿ ಕಳಿತದ್ದೂ ಕೈ ಕೊಡಬಹುದು. ಹೋದ ವರ್ಷ ಒಂದು ಕುದುರೆ ಲಾಯದಿಂದ ಪುಕ್ಕಟೆ ಗೊಬ್ಬರ ತಂದೆ. ಕಪ್ಪಗೆ, ಪುಡಿಪುಡಿ, ಮಣ್ಣಿನ ವಾಸನೆ, ತಿಪ್ಪೆಗುಂಡಿಯವರ ಪರೀಕ್ಷೆ ಎಲ್ಲ ಪಾಸಾಗುವಂಥದ್ದು. ಆದರೂ ಟೊಮೆಟೊ ಮತ್ತು ಹುರುಳಿಕಾಯಿ ಎಲೆ ಸುರುಳಿ ಸುತ್ತಿ ಜರೀಗಿಡದ ಹಾಗೆ ಆಯಿತು. ವೈರಸ್ ಅಂದುಕೊಂಡೆ. ಅಲ್ಲ. ಇಲ್ಲಿ ಹುಲ್ಲುಗಾವಲಿಗೆ ಅಗಲ ಎಲೆಯ ಕಳೆ ಸಾಯಲಿ ಅಂತ ಅಮಿನೋಪೈರಲಿಡ್, ಕ್ಲೋಪೈರಲಿಡ್ ಥರದ ಕಳೆನಾಶಕ ಹೊಡೆಯುತ್ತಾರೆ. ಹುಲ್ಲು ಕುದುರೆ ಹೊಟ್ಟೆ ಸೇರಿ, ಲದ್ದಿಯಾಗಿ, ಗೊಬ್ಬರವಾಗಿ ಕಳಿತರೂ ಅದು ತಿಂಗಳುಗಟ್ಟಲೆ ಹೋಗುವುದಿಲ್ಲ. ಬ್ರಿಟನ್ನಿನಲ್ಲಿ 2008ರಲ್ಲಿ ಕೈತೋಟದವರ ಗಲಾಟೆ ಜಾಸ್ತಿಯಾಗಿ ಅಮಿನೋಪೈರಲಿಡ್ ಮಾರಾಟವನ್ನೇ ಸ್ವಲ್ಪ ಕಾಲ ನಿಲ್ಲಿಸಿದ್ದರು.

ಹಾಗಾಗಿ ಇಲ್ಲಿ ಸಾಸಿವೆಯ ಬದಲು ಹುರುಳಿಕಾಯಿ ಬೀಜ ಹಾಕಿ, ಮೂರು ವಾರ ಕಾದು, ಮೂರನೇ ಎಲೆ ನೆಟ್ಟಗೆ ಬಂತಾ ನೋಡಿ. ಹುಲ್ಲಿಗೆ ಏನು ಹೊಡೆದಿದ್ದರು ಅಂತ ಲಾಯದವರನ್ನೇ ಕೇಳಿ. ಇನ್ನು ಹಸಿ ಗೊಬ್ಬರದ ಬಗ್ಗೆ ಇಲ್ಲಿನ ಸಾವಯವ ಬೇಸಾಯದ ನಿಯಮದಲ್ಲೇ ಇದೆ. ಮಣ್ಣಿಗೆ ತಾಗುವ ಬೆಳೆಯಾದರೆ ಹಸಿ ಗೊಬ್ಬರ ಹಾಕಿ 120 ದಿನ, ತಾಗದಿದ್ದರೆ 90 ದಿನ ಆಗುವ ತನಕ ಕೊಯ್ಯುವಂತಿಲ್ಲ. ಗಿಡ ಸಾಯುತ್ತದೆ ಅಂತಲ್ಲ, ಸಗಣಿಯ ರೋಗಾಣು ಹೊಟ್ಟೆಗೆ ಹೋಗದಿರಲಿ ಅಂತ. ಕೊತ್ತಂಬರಿ, ಮೂಲಂಗಿ ಹಸಿಯಾಗೇ ತಿನ್ನುವ ನಮಗೆ ಇದು ನೆನಪಿದ್ದರೆ ಒಳ್ಳೆಯದು.


ಮೊಂಡ ಗುದ್ದಲಿ ಬರೆದಿದ್ದು:

ಆಯ್ತಪ್ಪಾ, ಒಪ್ಪಿಕೊಂಡೆ. ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ಅಜ್ಜಿ ಸಗಣಿ ನೀರನ್ನು ನಾಲ್ಕೈದು ದಿನ ಕೊಳೆಸಿ, ಆಮೇಲೆ ಬಕೆಟ್ಟಿಗೆ ಒಂದು ಚೊಂಬು ಬೆರೆಸಿ ಹಾಕುತ್ತಿದ್ದರಂತೆ. ಸೊಪ್ಪಿನ ಮಡಿಗೆ ಎಂದೂ ಹಾಕಿದವರಲ್ಲವಂತೆ. ನರ್ಸರಿಯವರ ಮೇಲೆ ಹೇಳಿದ ಮಾತು ವಾಪಸ್.


ಹಿತ್ತಲಮನೆ ಬರೆದಿದ್ದು:

ಒಂಬತ್ತು ವಾರ ಆಯಿತು. ಏನಾಯಿತು ಅಂತ ಹೇಳದಿದ್ದರೆ ತಪ್ಪಾಗುತ್ತದೆ ಅಂತ ಬಂದೆ.

ಮಣ್ಣು ನಾಲ್ಕು ಮಡಿಗೂ ಹಂಚಿದೆ. ನಾಲ್ಕನೇ ವಾರದ ತನಕ ಬೆರಳಿಟ್ಟರೆ ಬೆಚ್ಚಗಿತ್ತು, ಐದನೇ ವಾರ ಇಲ್ಲ. ಕಳೆ ಎಷ್ಟು ಬಂತು ಅಂದರೆ, ಮಗ ಅದನ್ನೇ ಬೆಳೆಯೋಣ ಅಂದ. ಕವರ್ ಪರೀಕ್ಷೆ ಮೊದಲ ಸಲ ಫೇಲ್, ಅಡುಗೆಮನೆಯಲ್ಲಿ ಬಿಚ್ಚಿ ಮನೆಯವರಿಂದ ಬೈಸಿಕೊಂಡೆ. ಎರಡನೇ ಸಲ ಪರವಾಗಿಲ್ಲ. ಮಡಿಯ ಮಣ್ಣಿಗೆ ಸಾಸಿವೆ ಹಾಕಿದೆ, ಇಪ್ಪತ್ತಕ್ಕೆ ಹದಿನೇಳು ಹುಟ್ಟಿತು, ಬರೀ ಮಣ್ಣಿನಲ್ಲಿ ಹದಿನೆಂಟು. ಹಾಗಾಗಿ ಹೋದ ವಾರ ಎರಡು ಮಡಿಗೆ ದಂಟು, ಹರಿವೆ ಹಾಕಿದ್ದೇನೆ, ಒಂದಕ್ಕೆ ಹೊಸ ಟೊಮೆಟೊ ಸಸಿ, ಇವತ್ತಿಗೆ ಆರು ದಿನ, ಎಲೆ ಅಂಚು ಹಸಿರಾಗಿದೆ. ದಿನಕ್ಕೆ ನಾಲ್ಕು ಸಲ ಹೋಗಿ ನೋಡುತ್ತೇನೆ. ಕುಂಬಳ ಮಾತ್ರ ಮೂಲೆಯ ಮಡಿಯನ್ನು ಪೂರ್ತಿ ನುಂಗಿ, ಈಗ ಪಕ್ಕದವರ ಕಾಂಪೌಂಡ್ ಹತ್ತಿದೆ. ಸುಣ್ಣ ಹಾಕಿ ಅಂದಿದ್ದರಲ್ಲ, ಅವರದೇ. ಹೂವು ಕಿತ್ತುಕೊಳ್ಳಲಾ ಅಂತ ಕೇಳಿದರು, ಗಂಡು ಹೂವು ಮಾತ್ರ ಅಂದೆ.

ಮೂಲೆಯ ಗುಡ್ಡೆ ಮೂರು ಸಲ ಮಗುಚಿದ್ದೇನೆ, ಅರ್ಧಕ್ಕೆ ಇಳಿದಿದೆ, ಇನ್ನೂ ಸ್ವಲ್ಪ ಬಿಸಿ ಏರುತ್ತಿದೆ. ಮೊನ್ನೆ ಗೊಬ್ಬರ ಕೊಟ್ಟವರೇ ಫೋನ್ ಮಾಡಿ ಇನ್ನೊಂದು ಲೋಡ್ ಬೇಕಾ ಅಂತ ಕೇಳಿದರು. ಈ ಸಲ ನಾನೇ ಹೋದೆ, ಕಾರಿನಲ್ಲಿ ಹಾರೆ ಹಾಕಿಕೊಂಡು. ರಸ್ತೆ ಪಕ್ಕದ ಗುಡ್ಡೆಗೆ ಚುಚ್ಚಲು ಹೋದಾಗ ಅವರು ನಕ್ಕು, "ಅದು ಬೇಡ ಬನ್ನಿ" ಅಂತ ಮನೆ ಹಿಂದೆ ಹೊಂಗೆ ಮರದ ಕೆಳಗಿನ ಗುಂಡಿಗೆ ಕರೆದುಕೊಂಡು ಹೋದರು. ಅದು ಅವರ ಸ್ವಂತ ಗದ್ದೆಗೆ ಇಟ್ಟುಕೊಂಡದ್ದಂತೆ. ಕಪ್ಪಗಿತ್ತು, ಕೈಗೆ ಅಂಟಲಿಲ್ಲ. ರೇಟು ಒಂದೂವರೆ ಪಟ್ಟು ಹೇಳಿದರು. ಎರಡು ಚೀಲ ತಂದಿದ್ದೇನೆ, ಒಂದು ಹಿಡಿ ಈಗ ಕವರಿನಲ್ಲಿದೆ. ನಾಳಿದ್ದು ಬಿಚ್ಚಬೇಕು, ಈ ಸಲ ಅಂಗಳದಲ್ಲಿ.